ಬಾಲದಿಂದ ಓದಿದ ಮಾತು

ಆ ಮನೆಯಲ್ಲಿ ಊಟಕ್ಕೆ ಕೂತಾಗ ಆಸ್ಪತ್ರೆಯ ಸುದ್ದಿ ಎತ್ತಬಾರದು ಎಂಬ ಕಟ್ಟಳೆ ಇತ್ತು. ಮಾಡಿದವನು ಮನೆಯ ಯಜಮಾನ. ಮದುವೆಯಾದ ಹೊಸತರಲ್ಲಿ ಒಂದು ದಿನ ಹೆಂಡತಿ ಹೆರಿಗೆ ವಾರ್ಡಿನ ಸಂಗತಿಯೊಂದನ್ನು ಕೈ ತಿರುಗಿಸಿ ಕಣ್ಣರಳಿಸಿ ಹೇಳುತ್ತಿದ್ದಾಗ ಅವನ ಹೊಟ್ಟೆ ತೊಳಸಿತು. "ಉಣ್ಣೋವಾಗ ರಕ್ತ ಗಿಕ್ತ ಬೇಡ ಕಣೇ, ಕೈ ಮುಗೀತೀನಿ" ಎಂದ. ಅವಳು ನಕ್ಕು, "ಆಯ್ತು ಬಿಡಿ, ಆಮೇಲೆ ಹೇಳ್ತೀನಿ" ಎಂದಳು. ಆ 'ಆಮೇಲೆ' ಬರಲೇ ಇಲ್ಲ. ಊಟ ಆದ ಮೇಲೆ ಪಾತ್ರೆ, ಪಾತ್ರೆ ಆದ ಮೇಲೆ ಮಗು, ಮಗು ಮಲಗಿದ ಮೇಲೆ ಇಬ್ಬರಿಗೂ ನಿದ್ದೆ. ಹೀಗೇ ಮಗಳು ಕಾಲೇಜಿಗೆ ಹೋಗುವಷ್ಟು ದೊಡ್ಡವಳಾದಳು.

ಹೆಂಡತಿ ದೊಡ್ಡಾಸ್ಪತ್ರೆಯಲ್ಲಿ ನರ್ಸು. ಬೀದಿಗೆಲ್ಲ ಅವಳು ಸಿಸ್ಟರ್. ತರಕಾರಿಯವನಿಗೆ ಸಿಸ್ಟರ್, ಹಾಲಿನವನಿಗೆ ಸಿಸ್ಟರ್, ಕೇಳಿ ಕೇಳಿ ಕೊನೆಗೆ ಅತ್ತೆಯ ಬಾಯಲ್ಲೂ ಅದೇ ನಿಂತುಬಿಟ್ಟಿತ್ತು. "ಸೊಸೇನ ಸಿಸ್ಟರ್ ಅನ್ನೋ ಅತ್ತೆ ಲೋಕದಲ್ಲಿ ನಾನೊಬ್ಬಳೇ ಇರಬೇಕು" ಎಂದು ಮುದುಕಿ ತನ್ನ ಮಾತಿಗೆ ತಾನೇ ನಗುತ್ತಿದ್ದಳು.

ಗಂಡ ಛಾಪಖಾನೆಯೊಂದರಲ್ಲಿ ಪ್ರೂಫ್ ತಿದ್ದುತ್ತಿದ್ದ. ಅವನನ್ನು ಎಲ್ಲರೂ ಪ್ರೂಫಣ್ಣ ಎನ್ನುತ್ತಿದ್ದರು. ಹೋಟೆಲಿನ ಬೋರ್ಡು, ಔಷಧಿಯ ಚೀಟಿ, ಮದುವೆಯ ಕಾಗದ, ಯಾವುದು ಕೈಗೆ ಸಿಕ್ಕರೂ ಮೊದಲು ತಪ್ಪು ಹುಡುಕುವವನು ಅವನು. ಅವನಿಗೊಂದು ಕಸುಬುದಾರಿಕೆಯ ಅಭ್ಯಾಸವಿತ್ತು. ಪುಟ ಮುಗಿದ ಮೇಲೆ ಕೊನೆಯ ಪದದಿಂದ ಶುರುಮಾಡಿ ಮೊದಲಿನ ಪದದವರೆಗೆ ಹಿಮ್ಮುಖವಾಗಿ ಇನ್ನೊಮ್ಮೆ ಓದುತ್ತಿದ್ದ. "ಮುಂದಿನಿಂದ ಓದಿದ್ರೆ ಕಥೆ ಹಿಡ್ಕೊಂಡು ಹೋಗಿಬಿಡುತ್ತೆ, ತಪ್ಪು ಕಣ್ಣಿಗೆ ಬೀಳಲ್ಲ. ಅರ್ಥ ಮರೀಬೇಕು, ಅಕ್ಷರ ನೋಡಬೇಕು" ಎಂದು ಹೊಸಬರಿಗೆ ಹೇಳಿಕೊಡುತ್ತಿದ್ದ. ಆ ಛಾಪಖಾನೆಗೆ ಕಳೆದ ವರ್ಷ ಬೀಗ ಬಿತ್ತು. ಪ್ರೂಫಣ್ಣ ಮನೆಗೆ ಬಂದು ಕೂತ.

ಮನೆಯಲ್ಲಿ ಕೂತ ಮೇಲೆಯೇ ಮನೆಯೊಳಗಿನ ನಿಶ್ಶಬ್ದ ಅವನಿಗೆ ಗೊತ್ತಾದದ್ದು. ಮೊದಲು ದಿನವಿಡೀ ಯಂತ್ರದ ಗಡಗಡ ಕೇಳಿ ಬರುತ್ತಿದ್ದವನಿಗೆ ಹೆಂಡತಿಯ ಮೌನ ಹಿತವಾಗಿಯೇ ಇತ್ತು. ಈಗ ಬೆಳಗಿನಿಂದ ಅಕ್ಕಿ ತೊಳೆದು, ಬಟ್ಟೆ ಒಣಹಾಕಿ, ತಾಯಿಯ ಕಣ್ಣಿಗೆ ಮದ್ದು ಬಿಟ್ಟು, ಯಾರಾದರೂ ಬಂದು ಎರಡು ಮಾತಾಡಲಿ ಎಂದು ಬಾಗಿಲು ನೋಡುವವನು ಅವನು. ಸಿಸ್ಟರ್ ಬರುತ್ತಿದ್ದಳು. ಸ್ನಾನ ಮಾಡುತ್ತಿದ್ದಳು. ಉಣ್ಣುತ್ತಿದ್ದಳು. "ಗ್ಯಾಸ್ ಹೇಳಿದ್ರಾ?" "ಹೇಳಿದೆ." "ಅತ್ತೆ ಮದ್ದು?" "ಆಯ್ತು." ಅಲ್ಲಿಗೆ ಆ ದಿನದ ಮಾತು ಮುಗಿಯಿತು. ಅವಳು ಹಾಸಿಗೆಗೆ ಬಿದ್ದರೆ ಗೋಡೆಯ ಕಡೆಗೆ ತಿರುಗಿಯೇ ನಿದ್ದೆ.

ಆದರೆ ಅವಳು ಮೂಗಿಯೇನಲ್ಲ. ರಜೆಯ ದಿನ ಹಿತ್ತಿಲ ಮೆಟ್ಟಿಲ ಮೇಲೆ ಕೂತು ಜೊತೆಯ ನರ್ಸೊಬ್ಬಳ ಹತ್ತಿರ ಫೋನಿನಲ್ಲಿ ಗಂಟೆಗಟ್ಟಲೆ ಮಾತಾಡುತ್ತಿದ್ದಳು. ನಗುತ್ತಿದ್ದಳು, ಬೈಯುತ್ತಿದ್ದಳು, ಒಮ್ಮೊಮ್ಮೆ ದನಿ ತಗ್ಗಿಸಿ ಮೂಗೊರೆಸಿಕೊಳ್ಳುತ್ತಿದ್ದಳು. ಪ್ರೂಫಣ್ಣ ಒಗೆದ ಬಟ್ಟೆ ಹರವುವ ನೆಪದಲ್ಲಿ ಅಲ್ಲೇ ಸುಳಿದಾಡಿದರೆ ಅವನ ಕಿವಿಗೆ ಬೀಳುತ್ತಿದ್ದದ್ದು ಏನೇನೋ ಐಟಿಸ್ಸು, ಏನೇನೋ ಎಕ್ಟಮಿ. ಇಷ್ಟು ವರ್ಷ ಒಂದೇ ಮಂಚದಲ್ಲಿ ಮಲಗಿದ ಹೆಂಡತಿ ಪರಭಾಷೆಯವಳ ಹಾಗೆ ಕೇಳಿಸುತ್ತಿದ್ದಳು. ಅವನಿಗೆ ಹೊಟ್ಟೆಕಿಚ್ಚಾಯಿತು. ಅದೂ ಫೋನಿನ ಆ ತುದಿಯ ಹೆಂಗಸಿನ ಮೇಲೆ.

ಒಂದು ಸಂಜೆ ಬ್ರೆಡ್ಡು ತರಲು ಹೋದವನು ಟಯರ್ ಅಂಗಡಿಯ ಮಹಡಿಯ ಮೇಲಿನ ಬೋರ್ಡು ನೋಡಿದ. ಡಾಕ್ಟರುಗಳು ಹೇಳಿದ್ದನ್ನು ಕೇಳಿ ಟೈಪ್ ಮಾಡುವ ಕೆಲಸಕ್ಕೆ ತರಬೇತಿ, ವಯಸ್ಸಿನ ಮಿತಿ ಇಲ್ಲ. ಬೋರ್ಡಿನಲ್ಲಿ ಒಂದೂ ತಪ್ಪಿರಲಿಲ್ಲ. ಅವನಿಗೆ ನಂಬಿಕೆ ಬಂತು. ಮನೆಗೆ ಬಂದು ಊಟದ ಹೊತ್ತಿಗೆ ಸುದ್ದಿ ಹೊರಗೆ ಹಾಕಿದ.

"ಡಾಕ್ಟರ್ ಮಾತು ಟೈಪ್ ಮಾಡೋದಾ? ಈ ವಯಸ್ಸಲ್ಲಿ?" ಎಂದಳು ಮಗಳು.

"ಯಾಕೆ, ಬೆರಳಿಗೆ ವಯಸ್ಸಾಗಿದ್ಯಾ?"

"ಬೆರಳಿಗಲ್ಲಪ್ಪ, ತಲೆಗೆ. ಅದೆಲ್ಲ ಉರು ಹೊಡೀಬೇಕು."

"ನಿನ್ನಪ್ಪ ನಿಘಂಟು ತಿದ್ದಿದವನು ಕಣೇ" ಎಂದಳು ಅಜ್ಜಿ. "ಲೋ, ಸಂಬಳ ಕೊಡ್ತಾರೇನೋ?"

"ಕಲಿತ ಮೇಲೆ ಕೊಡ್ತಾರಮ್ಮ."

ಎಲ್ಲರೂ ಸಿಸ್ಟರ್ ಕಡೆ ನೋಡಿದರು. ಅವಳು ಬೇಳೆಯ ಪಾತ್ರೆಯ ತಳ ಕೆರೆಯುತ್ತಿದ್ದಳು. "ಒಳ್ಳೇದು. ಮನೇಲಿ ಕೂತು ಬೇಜಾರು ಮಾಡ್ಕೊಳ್ಳೋದಕ್ಕಿಂತ ಒಳ್ಳೇದು" ಎಂದಳು. ಕೆಲಸಕ್ಕಾಗಿ ಎಂದು ಅವನು ಹೇಳಿದ್ದ, ಅವಳು ನಂಬಿದಳು. ನಿಜ ಏನೆಂದರೆ ಅವನಿಗೆ ಬೇಕಾಗಿದ್ದದ್ದು ಹಿತ್ತಿಲ ಮೆಟ್ಟಿಲಿನ ಮಾತು. ಆ ಪದಗಳು ತನಗೂ ಬಂದರೆ ಹೆಂಡತಿ ತನ್ನ ಹತ್ತಿರವೂ ಹಾಗೆ ಮಾತಾಡಿಯಾಳು ಎಂದು ಅವನು ಎಣಿಸಿದ್ದ.

ತರಗತಿಯ ಮೇಡಂಗೆ ಅವನ ಮಗಳಿಗಿಂತ ಸ್ವಲ್ಪ ಹೆಚ್ಚು ವಯಸ್ಸು. ಮೊದಲ ದಿನವೇ ಹೇಳಿದಳು: "ಪದ ಎಷ್ಟೇ ಉದ್ದ ಇರಲಿ, ಹೆದರಬೇಡಿ. ಬಾಲ ಹಿಡೀರಿ. ಬಾಲ ಗೊತ್ತಾದ್ರೆ ಅರ್ಧ ಪದ ಗೊತ್ತಾದ ಹಾಗೆ. ಕೊನೇಲಿ ಐಟಿಸ್ ಬಂದ್ರೆ ಉರಿಯೂತ. ಆಲ್ಜಿಯಾ ಬಂದ್ರೆ ನೋವು. ಓಮಾ ಬಂದ್ರೆ ಸಾಮಾನ್ಯವಾಗಿ ಗಡ್ಡೆ. ಎಕ್ಟಮಿ ಬಂದ್ರೆ ಕತ್ತರಿಸಿ ತೆಗೆದಿದ್ದು. ಸ್ಕೋಪಿ ಬಂದ್ರೆ ಒಳಗೆ ಇಣುಕಿ ನೋಡಿದ್ದು."

ಪ್ರೂಫಣ್ಣ ಖುಷಿಯಿಂದ ಕೂತಲ್ಲೇ ನೆಟ್ಟಗಾದ. ಹಿಂದಿನಿಂದ ಓದುವುದೆಂದರೆ ಅವನ ಹೊಟ್ಟೆಪಾಡಿನ ವಿದ್ಯೆ. ಪಕ್ಕದ ಹುಡುಗಿಯರು ಉಗುರು ಕಚ್ಚುತ್ತ ಕೂತಿದ್ದರೆ ಇವನು ಗ್ಯಾಸ್ಟ್ರೈಟಿಸ್, ಆರ್ಥ್ರೈಟಿಸ್, ನ್ಯೂರಾಲ್ಜಿಯಾಗಳ ಬಾಲವನ್ನು ಪಟಪಟ ಕತ್ತರಿಸಿ ಮುಂದಿಟ್ಟ. ಮೇಡಂ, "ಅಂಕಲ್, ನೀವು ಮೊದಲೇ ಎಲ್ಲೋ ಕಲಿತಿದ್ದೀರಿ" ಎಂದಳು. ಅವತ್ತು ಅವನು ದಾರಿಯುದ್ದಕ್ಕೂ ಎದೆಯುಬ್ಬಿಸಿಕೊಂಡು ನಡೆದ.

ಛಾಪಖಾನೆಯಲ್ಲಿ ಪ್ರೂಫ್ ನೋಡಲು ಇಬ್ಬರು ಬೇಕಿತ್ತು. ಒಬ್ಬ ಮೂಲ ಹಿಡಿದು ಗಟ್ಟಿಯಾಗಿ ಓದಬೇಕು, ಇನ್ನೊಬ್ಬ ಅಚ್ಚಿನ ಮೇಲೆ ಕಣ್ಣಿಟ್ಟಿರಬೇಕು. ಆ ಅಭ್ಯಾಸಕ್ಕೆ ಬಿದ್ದವನಿಗೆ ಒಂಟಿಯಾಗಿ ಓದಲು ಬಾರದು. ಸಿಸ್ಟರ್ ಕೇಳುವಳು ಎಂದುಕೊಂಡಿದ್ದ. ಅವಳು ಒಂದು ದಿನ ಪುಸ್ತಕ ಕೈಗೆ ತಗೊಂಡು ನಾಲ್ಕು ಪದ ಕೇಳಿ, ಐದನೆಯದಕ್ಕೆ ಕುರ್ಚಿಯಲ್ಲೇ ತೂಕಡಿಸಿದಳು. ಪುಸ್ತಕ ಜಾರಿ ನೆಲಕ್ಕೆ ಬಿತ್ತು. ಅವನು ಎಬ್ಬಿಸಲಿಲ್ಲ. ಮರುದಿನದಿಂದ ಅವನ ಜೊತೆಗೆ ಕೂತವಳು ಅಜ್ಜಿ. ಮುದುಕಿಗೆ ಕಣ್ಣು ಮಂಜು, ಕಿವಿ ಮಾತ್ರ ಬಲು ಚುರುಕು. ಅವನು ಹುರುಳಿಕಾಯಿ ಮುರಿಯುತ್ತ ಪದ ಹೇಳುವನು, ಅವಳು ಬಾಲದ ಅರ್ಥ ಹೇಳುವಳು. ವಾರ ಕಳೆಯುವಷ್ಟರಲ್ಲಿ ಅವಳು ಮಗನಿಗಿಂತ ಮುಂದಿದ್ದಳು.

"ಅಮ್ಮ, ಕೊಲೊನೋಸ್ಕೋಪಿ?"

"ಇಣುಕೋದು. ಎದುರುಮನೆಯವಳು ದಿನಾ ನಮ್ಮನೆಗೆ ಮಾಡ್ತಾಳಲ್ಲ, ಅದು."

"ಅಪೆಂಡೆಕ್ಟಮಿ?"

"ತೆಗೆದುಹಾಕೋದು. ನಿನ್ನ ಛಾಪಖಾನೆಯವರು ನಿಂಗೆ ಮಾಡಿದ್ದು."

ಮಗಳು ಕೋಣೆಯಿಂದ ಹೊರಗೆ ಬಂದು, "ಅಜ್ಜಿ, ನಿಂಗೇನು ಪರೀಕ್ಷೆಯಾ?" ಎಂದು ನಕ್ಕಳು.

"ನಂಗೆ ಸೊಂಟಾಲ್ಜಿಯಾ ಇದೆ ಕಣೇ, ಮಂಡಿಯೈಟಿಸ್ ಇದೆ. ನಿಂಗೆ ಫೋನೈಟಿಸ್. ಪಾಪ ಸಿಸ್ಟರ್‌ಗೆ ಮಾತೆಕ್ಟಮಿ ಆಗಿದೆ."

ಪ್ರೂಫಣ್ಣನೂ ನಕ್ಕ. ಆಮೇಲೆ ನಗು ತಾನಾಗಿ ನಿಂತಿತು. ಹುರುಳಿಕಾಯಿಯ ಬುಟ್ಟಿ ಎತ್ತಿಕೊಂಡು ಅಡುಗೆಮನೆಗೆ ಹೋದ.

ಪದ ಸಾಕಷ್ಟು ಬಂದವು ಎನ್ನಿಸಿದಾಗ ಅವನು ಹೆಂಡತಿಯ ಮೇಲೆ ಪ್ರಯೋಗ ಶುರುಮಾಡಿದ. ಅವಳು ಚಪ್ಪಲಿ ಬಿಡುತ್ತಿದ್ದ ಹಾಗೆಯೇ, "ಏನು, ಇವತ್ತು ಎಷ್ಟು ಎಕ್ಟಮಿ?" ಎನ್ನುವನು. ಟವೆಲ್ ತಗೊಂಡು ಬಚ್ಚಲಿಗೆ ಹೊರಟವಳನ್ನು ತಡೆದು, "ಹೆಪಟೈಟಿಸ್‌ನವರು ಯಾರಾದ್ರೂ ಬಂದಿದ್ರಾ?" ಎನ್ನುವನು. ಅವಳು ಮೊದಮೊದಲು "ಹ್ಞೂಂ, ಇದ್ರು" ಎಂದು ಸಾಗಹಾಕಿದಳು. ಒಂದು ದಿನ ತಾಳ್ಮೆ ಕೆಟ್ಟಿತು.

"ರೀ, ಬೆಳಗಿಂದ ಅದೇ ಕೇಳಿ ತಲೆ ಚಿಟ್ಟು ಹಿಡಿದಿದೆ. ಮನೆ ಬಾಗಿಲಲ್ಲೂ ವಾರ್ಡೇನಾ?"

"ನಿನ್ನ ಕೆಲಸದ ಬಗ್ಗೆ ತಿಳ್ಕೊಳ್ಳೋಣ ಅಂತ ಕೇಳಿದ್ರೆ..."

"ನನ್ನ ಕೆಲಸ ಅಂದ್ರೆ ಅದಲ್ಲ."

"ಮತ್ತೇನು? ಹೇಳು, ಹೇಳಿದ್ರೆ ತಾನೆ ಗೊತ್ತಾಗೋದು!"

"ಈಗ ಸ್ನಾನಕ್ಕೆ ಬಿಡ್ತೀರೋ ಇಲ್ವೋ?"

ಬಚ್ಚಲ ಬಾಗಿಲು ದಢಾರನೆ ಮುಚ್ಚಿತು. ಮಗಳು ಇಸ್ತ್ರಿ ಮಾಡುತ್ತಿದ್ದವಳು ಪೆಟ್ಟಿಗೆ ನಿಲ್ಲಿಸಿ, "ಅಪ್ಪ, ಉಣ್ಣೋವಾಗ ಆಸ್ಪತ್ರೆ ಮಾತು ಬೇಡ ಅಂತ ನೀನೇ ತಾನೆ ಅಮ್ಮನ ಬಾಯಿಗೆ ಬೀಗ ಹಾಕಿದ್ದು? ಒಟ್ಟಿಗೆ ಕೂರೋದೇ ಊಟಕ್ಕೆ. ಇನ್ಯಾವಾಗ ಹೇಳ್ಬೇಕಿತ್ತು ಅವಳು?" ಎಂದಳು.

"ಅದು ಯಾವ ಕಾಲದ ಮಾತೇ! ನಂಗೆ ಆಗ ವಾಂತಿ ಬರೋ ಹಾಗಾಗಿತ್ತು."

"ಬೇಡ ಅಂದಿದ್ದನ್ನ ಯಾವತ್ತಾದ್ರೂ ವಾಪಸ್ ತಗೊಂಡ್ಯಾ?"

ಮುಖಕ್ಕೆ ಹೊಡೆದ ಹಾಗಾಯಿತು. ತಗೊಂಡಿರಲಿಲ್ಲ. ಮನೆಯ ಯಾವ ವಸ್ತು ಎಲ್ಲಿದೆ ಎಂದು ಬಲ್ಲವನಿಗೆ ಈ ಕಟ್ಟಳೆ ಇನ್ನೂ ಜಾರಿಯಲ್ಲಿದೆ ಎಂಬುದೇ ಮರೆತುಹೋಗಿತ್ತು. ಆ ಸಂಜೆ ಎಲ್ಲರ ತಟ್ಟೆಗೂ ಅನ್ನ ಬಿದ್ದ ಮೇಲೆ ಅವನು ಗಂಟಲು ಸರಿಮಾಡಿಕೊಂಡ. "ಇನ್ನು ಮೇಲೆ ಊಟದ ಹೊತ್ತಲ್ಲಿ ಯಾರು ಏನು ಬೇಕಾದ್ರೂ ಮಾತಾಡಬಹುದು. ಆಸ್ಪತ್ರೇದೂ" ಎಂದ.

ಸಿಸ್ಟರ್ ತಲೆಯೆತ್ತಿ ನೋಡಿದಳು. "ಸರಿ" ಎಂದಳು. ಅವತ್ತು ಯಾರೂ ಏನೂ ಮಾತಾಡಲಿಲ್ಲ. ಅಜ್ಜಿ ಒಬ್ಬಳೇ ಮೊಸರು ಹುಳಿಯಾಗಿದೆ ಎಂದಳು.

ಮರುದಿನವೂ ಹಾಗೆಯೇ. ಆ ಮರುದಿನವೂ ಹಾಗೆಯೇ. ಪ್ರೂಫಣ್ಣ ಕಾದ. ಅವಳಿಗೆ ಇಷ್ಟವೆಂದು ಮೊಟ್ಟೆ ಹುರಿದ, ಅವಳ ಸಮವಸ್ತ್ರವನ್ನು ತಾನೇ ಗಂಜಿ ಹಾಕಿ ಒಣಗಿಸಿದ, ಬಾಗಿಲಲ್ಲಿ ಪ್ರಶ್ನೆ ಕೇಳುವುದನ್ನು ಬಿಟ್ಟ. ಅವಳು ಬಂದಳು, ಉಂಡಳು, ಮಲಗಿದಳು. ಒಂದೇ ಒಂದು ಬದಲಾವಣೆ ಎಂದರೆ ಈಗ ತಟ್ಟೆಯ ಮುಂದೆ ಸ್ವಲ್ಪ ನಿಧಾನವಾಗಿ ಕೂತಿರುತ್ತಿದ್ದಳು. ಏನೋ ಹೇಳಲು ಬಾಯಿ ತೆರೆದವಳ ಹಾಗೆ ಕಂಡು, ತುತ್ತು ಹಾಕಿಕೊಂಡು ಸುಮ್ಮನಾಗುತ್ತಿದ್ದಳು. ಅದನ್ನು ನೋಡಿ ಅವನಿಗೆ ಆಸೆ ಹೆಚ್ಚಿತು.

ಹೇಳಿದ್ದು ಒಂದು ಮಂಗಳವಾರ. ಮಗಳು ಗೆಳತಿಯ ಮನೆಗೆ ಹೋಗಿದ್ದಳು. ಅಜ್ಜಿ ಬೇಗ ಉಂಡು ಮಲಗಿದ್ದಳು. ಅಡುಗೆಮನೆಯ ಸಣ್ಣ ಮೇಜಿನ ಎದುರುಬದುರು ಅವರಿಬ್ಬರೇ. ಸಿಸ್ಟರ್ ಅನ್ನ ಕಲಸಿ ಕಲಸಿ ಬಾಯಿಗಿಡದೆ ಕೂತಿದ್ದಳು. ಆಮೇಲೆ ತಟ್ಟೆಗೇ ಹೇಳುವವಳ ಹಾಗೆ ತಲೆ ಬಗ್ಗಿಸಿಕೊಂಡು ಶುರುಮಾಡಿದಳು.

"ನಮ್ಮ ವಾರ್ಡಲ್ಲಿ ಒಬ್ಬಳು ಹುಡುಗಿ ಇದ್ಲು ರೀ. ಬೇಕರೀಲಿ ಕೆಲಸ ಮಾಡೋಳು. ನಮ್ಮ ಮಗಳಿಗಿಂತ ಒಂದೆರಡು ವರ್ಷ ದೊಡ್ಡೋಳು ಅಷ್ಟೆ."

"ಹ್ಞಾಂ" ಎಂದ ಪ್ರೂಫಣ್ಣ. ತುತ್ತು ಅಲ್ಲೇ ಬಿಟ್ಟು ಮುಂದಕ್ಕೆ ಬಾಗಿದ.

"ಉಸಿರಾಟಕ್ಕೆ ಕಷ್ಟ ಆಗಿ ಟ್ರೇಕಿಯಾಸ್ಟಮಿ ಮಾಡಿದ್ರು. ಮಾಡಿದ ಮೇಲೆ ಅವಳಿಗೆ..."

"ಆಸ್ಟಮಿ!" ಎಂದುಬಿಟ್ಟ ಅವನು. ಮೇಜಿನ ಮೇಲೆ ಬೆರಳು ತಟ್ಟಿದ. "ದಾರಿ ಮಾಡೋದು. ಬರೀ ಕೊಯ್ಯೋದಲ್ಲ, ಕೊಯ್ದು ಬಾಯಿ ಇಡೋದು. ಟ್ರೇಕಿಯಾ ಅಂದ್ರೆ ಉಸಿರ ಕೊಳವೆ. ಕತ್ತಲ್ಲಿ ತೂತು ಮಾಡಿ ಕೊಳವೆ ಇಡ್ತಾರೆ, ಅದು. ಸರಿನಾ?"

ಮುಖವೆಲ್ಲ ಅರಳಿಸಿಕೊಂಡು ಅವಳನ್ನೇ ನೋಡಿದ. ಹೆಂಡತಿ ಹೇಳಿದ ಮಾತು ಮೊದಲ ಸಲ ಅವನಿಗೆ ಪೂರ್ತಿ ತಿಳಿದಿತ್ತು. ಆ ಖುಷಿಯಲ್ಲಿ ಅವನಿಗೆ ಬೇರೇನೂ ಕಾಣಲಿಲ್ಲ.

ಸಿಸ್ಟರ್ ತಲೆಯೆತ್ತಿದಳು. ಕಣ್ಣು ಕೆಂಪಗಿತ್ತು. "ಸರಿ" ಎಂದಳು. "ಹತ್ತಕ್ಕೆ ಹತ್ತು."

ಎದ್ದು ತಟ್ಟೆಯಲ್ಲಿದ್ದ ಅನ್ನವನ್ನು ಕಸದ ಡಬ್ಬಕ್ಕೆ ಹಾಕಿದಳು. ಕೈ ತೊಳೆದಳು. ನಲ್ಲಿಯ ನೀರು ಬಹಳ ಹೊತ್ತು ಹರಿಯಿತು.

"ಆಮೇಲೇನಾಯ್ತು? ಆ ಹುಡುಗಿಗೆ?" ಎಂದ ಅವನು ಹಿಂದಿನಿಂದ. ಆಗ ತಾನು ಮಾಡಿದ್ದೇನೆಂದು ಅವನಿಗೆ ಅರಿವಾಗತೊಡಗಿತ್ತು.

"ಏನಿಲ್ಲ. ನೀವು ಉಣ್ಣಿ, ಆರಿಹೋಗುತ್ತೆ."

ಆ ಹುಡುಗಿಗೆ ಏನಾಯಿತೆಂದು ಅವನಿಗೆ ಗೊತ್ತಾದದ್ದು ಮಗಳಿಂದ. ಅವಳೂ ಹಿತ್ತಿಲ ಮೆಟ್ಟಿಲಿನ ಫೋನಿನಿಂದ ಕೇಳಿಸಿಕೊಂಡದ್ದು. ಕೊಳವೆ ಇಟ್ಟ ಮೇಲೆ ಹುಡುಗಿಗೆ ಮಾತು ಹೊರಡುತ್ತಿರಲಿಲ್ಲವಂತೆ. ಬರೀ ತುಟಿ ಆಡಿಸುತ್ತಿದ್ದಳಂತೆ. ಆ ತುಟಿ ಓದಲು ಇಡೀ ವಾರ್ಡಿನಲ್ಲಿ ಬರುತ್ತಿದ್ದದ್ದು ಸಿಸ್ಟರ್ ಒಬ್ಬಳಿಗೇ ಅಂತೆ. ಬೆಳಿಗ್ಗೆ ಹೋದ ಕೂಡಲೇ ಹುಡುಗಿ ಕೇಳುತ್ತಿದ್ದದ್ದು, ಮನೇಲಿ ಇವತ್ತು ಏನು ತಿಂಡಿ ಸಿಸ್ಟರ್, ಯಾರು ಮಾಡಿದ್ದು, ಚೆನ್ನಾಗಿತ್ತಾ ಎಂದು. ಆ ಮಂಗಳವಾರ ಮಧ್ಯಾಹ್ನ ಹುಡುಗಿ ಹೋಗಿಬಿಟ್ಟಳು.

"ಅಮ್ಮ ಅವಳಿಗೆ ನೀನು ಮಾಡೋ ಮೊಟ್ಟೆ ಬಗ್ಗೆ ಹೇಳಿದ್ಲಂತೆ" ಎಂದಳು ಮಗಳು.

ಬಟ್ಟೆ ತೆಗೆಯಲು ಹೊರಗೆ ಹೋದ ಪ್ರೂಫಣ್ಣ ಬರಿಯ ಹಗ್ಗ ಹಿಡಿದುಕೊಂಡು ನಿಂತ. ಅವನಿಗೆ ತನ್ನ ಮೇಲೆಯೇ ಅಸಹ್ಯವಾಯಿತು. ಹೋಗಿ ತಪ್ಪಾಯ್ತು ಎನ್ನಬೇಕೆಂದು ಎರಡು ಮೂರು ಸಲ ಬಾಯಿ ತೆರೆದ. ಅವಳು, "ಅಯ್ಯೋ, ಅದಕ್ಕೇನೀಗ, ಬಿಡಿ" ಎಂದು ದಿಂಬು ಸರಿಮಾಡಿಕೊಂಡಳು. ಜಗಳವಾಡಿದ್ದರೆ ಚೆನ್ನಾಗಿತ್ತು. ಅವಳು ಜಗಳವನ್ನೂ ಆಡಲಿಲ್ಲ.

ಪರೀಕ್ಷೆಯಲ್ಲಿ ಅವನು ತರಗತಿಗೇ ಮೊದಲಿಗನಾದ. ಮೇಡಂ ಸಿಹಿ ಹಂಚಿದಳು. ಕೆಲಸವೂ ಬೇಗ ಸಿಕ್ಕಿತು, ಅದೂ ಹೆಂಡತಿಯ ಆಸ್ಪತ್ರೆಯಲ್ಲೇ. ಅಜ್ಜಿ ಮಗನ ಕೆನ್ನೆ ಸವರಿ, "ಇನ್ನು ಗಂಡ ಹೆಂಡ್ತಿ ಒಟ್ಟಿಗೆ ಹೋಗಿ ಒಟ್ಟಿಗೆ ಬನ್ನಿ" ಎಂದಳು. ಸಿಸ್ಟರ್, "ನನ್ನ ಪಾಳಿ ವಾರಕ್ಕೊಂದ್ಸಲ ಬದಲಾಗುತ್ತೆ ಅತ್ತೆ, ಹಾಗೆಲ್ಲ ಹೊಂದಲ್ಲ" ಎಂದಳು. ಬೇಸರದಿಂದ ಹೇಳಿದ ಮಾತಲ್ಲ, ಇದ್ದದ್ದನ್ನು ಹೇಳಿದಳು. ಮೊದಲ ದಿನ ಅವನ ಡಬ್ಬಿಗೆ ಊಟ ಹಾಕಿಕೊಟ್ಟು, "ಅಲ್ಲಿ ಎ.ಸಿ. ಜಾಸ್ತಿ, ಸ್ವೆಟರ್ ತಗೊಂಡ್ಹೋಗಿ" ಎಂದಳು. ಅವಳು ಕಾಳಜಿಯಲ್ಲಿ ಯಾವತ್ತೂ ಕಡಿಮೆ ಮಾಡಿದವಳಲ್ಲ.

ಟೈಪ್ ಮಾಡುವವರ ಕೋಣೆ ಆಸ್ಪತ್ರೆಯ ಹಿಂಬದಿಯ ಕಟ್ಟಡದಲ್ಲಿತ್ತು. ಕಿಟಕಿಯಿಲ್ಲದ ಉದ್ದನೆಯ ಕೋಣೆ. ಸಾಲಾಗಿ ಕಂಪ್ಯೂಟರು, ಸಾಲಾಗಿ ತಗ್ಗಿಸಿದ ತಲೆಗಳು, ಎಲ್ಲರ ಕಿವಿಗೂ ಹೆಡ್‌ಫೋನು. ಡಾಕ್ಟರುಗಳು ರೋಗಿಯನ್ನು ನೋಡಿ, ಅಲ್ಲೇ ಮಂಚದ ಪಕ್ಕ ನಿಂತು ಫೋನಿಗೆ ಹೇಳಿ ಕಳಿಸುತ್ತಿದ್ದರು. ಅದನ್ನು ಕೇಳಿ ಟೈಪ್ ಮಾಡಿ ಕಳಿಸಿದರೆ ಆಯಿತು. ಕಳಿಸಿದ ಕೂಡಲೇ ಆ ದನಿ ಕಂಪ್ಯೂಟರಿನಿಂದ ಅಳಿಸಿಹೋಗುತ್ತಿತ್ತು, ಇನ್ನೊಂದು ಬಂದು ಕೂರುತ್ತಿತ್ತು. ಕೋಣೆಯಲ್ಲಿ ಅಷ್ಟು ಜನ ಇದ್ದರೂ ಯಾರ ದನಿ ಯಾರಿಗೂ ಕೇಳುತ್ತಿರಲಿಲ್ಲ. ಪ್ರೂಫಣ್ಣನಿಗೆ ಕೆಲಸ ಸಲೀಸಾಯಿತು. ಐಟಿಸ್‌ಗಳು, ಓಮಾಗಳು, ಎಕ್ಟಮಿಗಳು ಅವನ ಬೆರಳ ತುದಿಯಿಂದ ತಪ್ಪಿಲ್ಲದೆ ಇಳಿದವು. ಮೇಲ್ವಿಚಾರಕ ಅವನ ಬೆನ್ನು ತಟ್ಟಿದ.

ಕೆಲವು ವಾರ ಕಳೆದ ಮೇಲೆ ಒಂದು ಬೆಳಿಗ್ಗೆ ವಯಸ್ಸಾದ ಹೆಂಗಸೊಬ್ಬಳ ಮಂಡಿಯ ಕಡತ ಅವನ ಪಾಲಿಗೆ ಬಂತು. ಡಾಕ್ಟರು ಹೇಳುತ್ತಿದ್ದರು: ಆರ್ಥ್ರೋಪ್ಲಾಸ್ಟಿ, ಅಂದರೆ ಕೀಲು ಬದಲಿಸುವ ಶಸ್ತ್ರಕ್ರಿಯೆ, ಆಗಿ ಮೂರನೇ ದಿನ, ಗಾಯ ಒಣಗಿದೆ, ಜ್ವರ ಇಲ್ಲ. ಮಧ್ಯೆ ಅವರನ್ನು ಯಾರೋ ಕರೆದಿರಬೇಕು, ಫೋನು ಮಂಚದ ಮೇಲಿಟ್ಟು ಆಚೆ ಹೋದ ಸದ್ದಾಯಿತು. ದನಿ ಮಾತ್ರ ದಾಖಲಾಗುತ್ತಲೇ ಇತ್ತು. ಪ್ರೂಫಣ್ಣ ಮುಂದಕ್ಕೆ ಓಡಿಸಲು ಕೈ ಚಾಚಿದವನು ಅಲ್ಲೇ ನಿಲ್ಲಿಸಿದ.

"ಬಾಯಿ ತೆಗೀರಿ ಅಜ್ಜಿ. ಇನ್ನೊಂದೇ ತುತ್ತು. ನನ್ನ ಮೇಲೆ ಸಿಟ್ಟಿದ್ರೂ ಪರವಾಗಿಲ್ಲ, ಗಂಜಿ ಮೇಲೆ ಬೇಡ."

ಸಿಸ್ಟರ್. ಅವಳ ದನಿ. ನಗು ಬೆರೆತ, ದೊಡ್ಡ, ಸಲಿಗೆಯ ದನಿ. ಅವನು ಹೆಡ್‌ಫೋನನ್ನು ಎರಡೂ ಕೈಯಿಂದ ಕಿವಿಗೆ ಒತ್ತಿಹಿಡಿದ.

"ನಿಮ್ಮನೇಲಿ ಯಾರ್ಯಾರಿದ್ದಾರಮ್ಮ?" ಎಂದಳು ಮುದುಕಿ.

"ಅತ್ತೆ ಇದ್ದಾರೆ. ಅವರ ಬಾಯಿ ಮುಂದೆ ನೀವು ಏನೇನೂ ಅಲ್ಲ. ಮಗಳಿದ್ದಾಳೆ, ಅವಳ ನಾಲಿಗೆ ನಮ್ಮ ಡಾಕ್ಟರ ಕತ್ತರಿಗಿಂತ ಚೂಪು."

"ಯಜಮಾನ್ರು?"

ಚಮಚ ಬಟ್ಟಲಿಗೆ ತಾಗಿದ ಸದ್ದು. "ಇದ್ದಾರೆ. ಒಳ್ಳೇವ್ರು ಅಜ್ಜಿ, ಬಹಳ ಒಳ್ಳೇವ್ರು. ನನ್ನ ಮಾತು ಕೇಳಿ ಅವರಿಗೆ ಅಭ್ಯಾಸ ಇಲ್ಲ ಅಷ್ಟೆ. ನಂಗೂ ಈಗ ಹೇಳೋ ಅಭ್ಯಾಸ ತಪ್ಪಿದೆ. ಏನಾದ್ರೂ ಹೇಳಬೇಕು ಅನ್ನಿಸಿದ್ರೆ ಬಸ್ಸಲ್ಲಿ ಕಿಟಕಿ ಪಕ್ಕ ಕೂತು ಮನಸ್ಸಲ್ಲೇ ಅವರಿಗೆ ಹೇಳಿಬಿಡ್ತೀನಿ. ಅವರೂ ಏನೋ ಕೇಳ್ತಾರೆ, ನಾನೂ ಏನೋ ಹೇಳ್ತೀನಿ. ಮನೆ ಬರೋ ಹೊತ್ತಿಗೆ ಎಲ್ಲ ಹೇಳಿ ಆಗಿರುತ್ತೆ."

"ಅದೆಂಥ ಸಂಸಾರವೇ ನಮ್ಮವ್ವ!"

"ಎಲ್ಲರದೂ ಅಷ್ಟೇ ಅಲ್ವಾ? ಬಾಯಿ ತೆಗೀರಿ."

ಡಾಕ್ಟರು ಹಿಂತಿರುಗಿದರು. ಉಳಿದದ್ದನ್ನು ಹೇಳಿ ಮುಗಿಸಿದರು. ಪ್ರೂಫಣ್ಣ ದನಿಯನ್ನು ಹಿಂದಕ್ಕೆ ಓಡಿಸಿದ, ಮತ್ತೆ ಕೇಳಿದ. ಇನ್ನೊಮ್ಮೆ ಹಿಂದಕ್ಕೆ ಓಡಿಸಿದ. ಬಸ್ಸಿನ ಕಿಟಕಿಯ ಪಕ್ಕದಲ್ಲಿ ಅವಳ ಜೊತೆ ಮಾತಾಡುವ ಆ ಇನ್ನೊಬ್ಬ ಗಂಡನ ಮೇಲೆ ಅವನಿಗೆ ಹೊಟ್ಟೆಯುರಿಯಿತು. ಅವನು ಏನು ಕೇಳುತ್ತಾನೋ, ಹೇಗೆ ಕೇಳುತ್ತಾನೋ.

"ಅಣ್ಣಾ, ಆ ಮಂಡಿ ಕಡತ ಇನ್ನೂ ಆಗಿಲ್ವಾ? ವಾರ್ಡಿಂದ ಕೇಳ್ತಿದ್ದಾರೆ" ಎಂದ ಮೇಲ್ವಿಚಾರಕ, ಭುಜ ತಟ್ಟಿ.

"ಆಯ್ತು, ಆಯ್ತು. ಒಂದು ನಿಮಿಷ."

ವರದಿಯಲ್ಲಿ ಇರಬೇಕಾದದ್ದೆಲ್ಲ ಇತ್ತು. ಒಂದು ಅಕ್ಷರವೂ ತಪ್ಪಿರಲಿಲ್ಲ. ಅವನು ಇನ್ನೊಂದು ಸಲ ಅವಳ ನಗು ಬರುವ ಜಾಗದವರೆಗೆ ಕೇಳಿ, ಕಳಿಸುವ ಗುಂಡಿ ಒತ್ತಿದ. ಇನ್ನೊಬ್ಬ ರೋಗಿಯ ಕಡತ ಬಂದು ಕೂತಿತು.

ಪಾಳಿ ಮುಗಿದ ಮೇಲೆ ಅವನು ಬಸ್ಸಿಗೆ ಹೋಗಲಿಲ್ಲ. ಅಂಗಳ ದಾಟಿ, ಮುಂಭಾಗದ ಕಟ್ಟಡದ ಮೆಟ್ಟಿಲು ಹತ್ತಿ, ಕೇಳಿಕೊಂಡು ಕೇಳಿಕೊಂಡು ವಾರ್ಡಿನ ಬಾಗಿಲಿಗೆ ಬಂದ. ಇಷ್ಟು ವರ್ಷದಲ್ಲಿ ಒಮ್ಮೆಯೂ ಒಳಗೆ ಕಾಲಿಟ್ಟಿರಲಿಲ್ಲ. ಮದ್ದಿನ ವಾಸನೆಗೆ ಒಂದು ಹೆಜ್ಜೆ ಹಿಂದೆ ಸರಿದು, ಮತ್ತೆ ಮುಂದೆ ಬಂದ. ಬಾಗಿಲ ಗಾಜಿನಾಚೆ ಸಿಸ್ಟರ್ ಯಾರದೋ ದಿಂಬಿನ ಚೀಲ ಬದಲಿಸುತ್ತ, ಏನೋ ಹೇಳುತ್ತ, ಕತ್ತು ಹಿಂದೆ ಎಸೆದು ನಗುತ್ತಿದ್ದಳು. ಅವನನ್ನು ಕಂಡ ಕೂಡಲೇ ನಗು ನಿಂತಿತು. ಓಡಿಯೇ ಬಂದಳು.

"ಏನಾಯ್ತು? ಅತ್ತೆಗೇನಾದ್ರೂ ಆಯ್ತಾ?"

"ಇಲ್ಲ, ಇಲ್ಲ. ಅಮ್ಮ ಚೆನ್ನಾಗಿದ್ದಾಳೆ."

"ಮಗಳು?"

"ಯಾರಿಗೂ ಏನೂ ಆಗಿಲ್ಲ. ಸುಮ್ನೆ ಬಂದೆ."

"ಸುಮ್ನೆನಾ?"

ಆ ಪದ ಅವಳಿಗೆ ಎಲ್ಲಿ ಇಡಬೇಕೆಂದು ಗೊತ್ತಾಗಲಿಲ್ಲ. ಅವನ ಮುಖ ನೋಡಿದಳು, ಹಿಂದೆ ತಿರುಗಿ ವಾರ್ಡ್ ನೋಡಿದಳು. ಕೈಯಲ್ಲಿದ್ದ ದಿಂಬಿನ ಚೀಲವನ್ನು ಮಡಿಸಿದಳು. ಕೊನೆಗೆ ಬಾಗಿಲಿಗೆ ಬಂದ ಎಲ್ಲರಿಗೂ ಹೇಳುವ ಮಾತೇ ಅವಳ ಬಾಯಿಂದ ಬಂತು. "ಭೇಟಿ ಸಮಯ ಇನ್ನೂ ಆಗಿಲ್ಲ."

ಹೇಳಿದ ಮೇಲೆ ಅವಳಿಗೇ ಹೇಗೋ ಆಯಿತು. ಅವನು ತಲೆಯಾಡಿಸಿದ. "ಪರವಾಗಿಲ್ಲ. ಕಾಯ್ತೀನಿ."

"ಎಲ್ಲಿ ಕಾಯ್ತೀರಿ?"

"ಹೊರಗೆ ಬೆಂಚಿದೆಯಲ್ಲ."

ಬೆಂಚಿನ ತುಂಬ ಜನ. ಫ್ಲಾಸ್ಕು, ಹಣ್ಣಿನ ಚೀಲ, ಮಡಿಸಿದ ಹೊದಿಕೆ. ತುದಿಯಲ್ಲಿ ಕೂತಿದ್ದ ಮಧ್ಯವಯಸ್ಕನೊಬ್ಬ ತನ್ನ ಚೀಲವನ್ನು ಕಾಲ ಬಳಿ ಇಳಿಸಿ ಜಾಗ ಮಾಡಿಕೊಟ್ಟ.

"ನಿಮ್ಮವರು ಯಾರು ಒಳಗೆ?"

"ನನ್ನ ಹೆಂಡ್ತಿ."

"ಏನಾಗಿದೆ ಅವರಿಗೆ?"

ಪ್ರೂಫಣ್ಣ ಬಾಯಿ ತೆರೆದ. ಗೊತ್ತಿದ್ದ ಬಾಲಗಳಲ್ಲಿ ಒಂದೂ ನಾಲಿಗೆಗೆ ಬರಲಿಲ್ಲ. "ನನ್ನ ಹತ್ರ ಮಾತು ನಿಂತುಹೋಗಿದೆ" ಎಂದ. "ಬಹಳ ವರ್ಷ ಆಯ್ತು."

"ಅಯ್ಯೋ" ಎಂದ ಆ ಮನುಷ್ಯ, ನಿಜವಾದ ಮರುಕದಿಂದ. "ನಮ್ಮಣ್ಣಂಗೂ ಲಕ್ವ ಹೊಡೆದು ಹಾಗೇ ಆಗಿತ್ತು. ನಾವು ಪದ ಎತ್ತಿಕೊಡಕ್ಕೆ ಹೋಗ್ತಿದ್ವಿ, ಅವನಿಗೆ ಸಿಟ್ಟು ಬರ್ತಿತ್ತು. ಕೊನೆಗೆ ಸುಮ್ನೆ ಪಕ್ಕದಲ್ಲಿ ಕೂತ್ಕೊಳ್ಳೋದು ಕಲಿತ್ವಿ. ನಿಧಾನ ಆಗುತ್ತೆ ಸ್ವಾಮಿ. ದಿನಾ ಬನ್ನಿ."

"ಬರ್ತೀನಿ" ಎಂದ ಪ್ರೂಫಣ್ಣ.

ಬಾಗಿಲಾಚೆ ಸಿಸ್ಟರ್ ಮಾತ್ರೆ ನುಂಗದ ಯಾರನ್ನೋ ಗದರುತ್ತಿದ್ದಳು. ಅವನು ಸ್ವೆಟರನ್ನು ತೊಡೆಯ ಮೇಲೆ ಮಡಿಸಿಟ್ಟುಕೊಂಡು, ಭೇಟಿಯ ಗಂಟೆ ಬಾರಿಸುವುದನ್ನು ಕಾಯುತ್ತ ಕೂತ.